ಇರ್ಮಾಳ ಬುಧವಾರದ ಹಾಳೆ

ಟಾಮರಾಕ್ ಬೇ ಊರಿನಲ್ಲಿ ಇರ್ಮಾ ಹೌಟಾಲಾ ಎದುರು ಸಿಕ್ಕರೆ ಜನ ಎರಡು ಪ್ರಶ್ನೆ ಕೇಳುತ್ತಾರೆ. ಸರೋವರ ಈ ವರ್ಷ ಯಾವಾಗ ಹೆಪ್ಪುಗಟ್ಟುತ್ತೆ ಅನ್ನುವುದು ಒಂದು. ನಮ್ಮ ಕೆಲಸ ಉಳಿಯುತ್ತೋ ಇಲ್ಲವೋ ಅನ್ನುವುದು ಇನ್ನೊಂದು. ಮೊದಲನೆಯದಕ್ಕೆ ಅವಳು ಧಾರಾಳವಾಗಿ ಉತ್ತರ ಕೊಡುತ್ತಾಳೆ, ಅದು ತಪ್ಪಿದರೆ ಯಾರೂ ಮನೆ ಮಾರಬೇಕಾಗಿಲ್ಲ. ಎರಡನೆಯದಕ್ಕೆ ಮಾತ್ರ ಒಂದೇ ಉತ್ತರ. "ಬುಧವಾರ ಹಾಳೆ ಅಂಟಿಸ್ತೀನಿ. ಹೋಗಿ ಓದ್ಕೋ."

ಅರವತ್ತೊಂದು ವರ್ಷದ ಹೆಂಗಸು. ಎತ್ತರದ ಆಳು, ಮಾತು ಕಡಿಮೆ, ಹಟ ಜಾಸ್ತಿ. ಗಂಡ ಅದಿರು ಸಾಗಿಸುವ ಹಡಗಿನಲ್ಲಿ ಅಡುಗೆಯವನಾಗಿದ್ದ, ತೀರಿಹೋಗಿ ಎಂಟು ವರ್ಷವಾಯಿತು. ಮಕ್ಕಳಿಲ್ಲ. ನಿರುದ್ಯೋಗ ಭತ್ಯೆ ಕೊಡುವ ಕಚೇರಿಯಲ್ಲಿ ಅವಳಿಗೆ ಮೂವತ್ತನೇ ವರ್ಷ ನಡೆಯುತ್ತಿತ್ತು. ಅದರಲ್ಲಿ ಮೊದಲ ಹತ್ತೊಂಬತ್ತು ವರ್ಷ ಕೌಂಟರಿನ ಗಾಜಿನ ಹಿಂದೆ ಕೂತು ಅರ್ಜಿ ತೆಗೆದುಕೊಂಡದ್ದು.

ಆ ಹತ್ತೊಂಬತ್ತರಲ್ಲಿ ಒಂದು ಚಳಿಗಾಲ ಅವಳ ಮನಸ್ಸಿನಿಂದ ಇಳಿಯಲೇ ಇಲ್ಲ. ಗಣಿಯವರು ಒಂದೇ ವಾರದಲ್ಲಿ ಒಂಬೈನೂರು ಜನರನ್ನು ಮನೆಗೆ ಕಳಿಸಿದ್ದರು. ಕೌಂಟರಿನಲ್ಲಿ ಇದ್ದವರು ನಾಲ್ಕೇ ಜನ ಗುಮಾಸ್ತರು. ಹೊರಗೆ ಮೊಣಕಾಲುದ್ದ ಹಿಮದಲ್ಲಿ ಸಾಲು ಅಂಚೆ ಕಚೇರಿಯವರೆಗೂ ನಿಂತಿತ್ತು. ಆ ಸಾಲಿನಲ್ಲಿ ಅವಳ ಸ್ವಂತ ಚಿಕ್ಕಪ್ಪನೂ ಇದ್ದ. ಎರಡು ದಿನ ನಿಂತು, ಮೂರನೇ ದಿನ ನಿಮೋನಿಯಾ ಹಿಡಿದು ಮಲಗಿದ. ಬದುಕಿದ, ಆದರೆ ಮೊದಲಿನ ಹಾಗೆ ಆಗಲಿಲ್ಲ. ಇನ್ನು ಹತ್ತು ಜನ ಗುಮಾಸ್ತರು ಇದ್ದಿದ್ದರೆ ಸಾಕಾಗುತ್ತಿತ್ತು ಅಂತ ಇರ್ಮಾ ಲೆಕ್ಕ ಹಾಕಿದ್ದಳು. ಒಂದು ವಾರ ಮೊದಲೇ ಗೊತ್ತಾಗಿದ್ದರೆ ಅವರನ್ನು ಕರೆಸಲೂಬಹುದಿತ್ತು. ಗೊತ್ತಾಗುವುದು ಹೇಗೆ ಅನ್ನುವುದೇ ಆಗ ಯಾರಿಗೂ ಹೊಳೆದಿರಲಿಲ್ಲ.

ಹೊಳೆದದ್ದು ಬಹಳ ವರ್ಷಗಳ ನಂತರ. ವಿಶ್ವವಿದ್ಯಾಲಯದಿಂದ ಬಂದ ಒಬ್ಬಾಕೆ ತರಬೇತಿ ಕೊಡುತ್ತ ಒಂದು ಮಾತು ಹೇಳಿದಳು. ಜನ ಫೋನಿನಲ್ಲಿ ಏನೇನು ಹುಡುಕುತ್ತಾರೆ ಅನ್ನುವುದನ್ನು ಹುಡುಕಾಟದ ಕಂಪನಿಯವರು ಊರುವಾರು ಪುಕ್ಕಟೆ ಕೊಡುತ್ತಾರೆ. ಹೆಸರಿರುವುದಿಲ್ಲ, ವಿಳಾಸ ಇರುವುದಿಲ್ಲ. ಅತಿ ಹೆಚ್ಚು ಜನ ಕೇಳಿದ ವಾರಕ್ಕೆ ನೂರು, ಯಾರೂ ಕೇಳದ ವಾರಕ್ಕೆ ಸೊನ್ನೆ. ಸರ್ಕಾರದ ಲೆಕ್ಕ ಹೊರಬೀಳುವುದು ಅರ್ಜಿಗಳು ಬಂದ ಮೇಲೆ, ಮುಂದಿನ ಗುರುವಾರ. ಹುಡುಕಾಟ ಮಾತ್ರ ಅರ್ಜಿಗಿಂತ ಮೊದಲೇ ಶುರುವಾಗುತ್ತದೆ.

ಉಳಿದವರು ತಲೆಯಾಡಿಸಿ ಕಾಫಿಗೆ ಎದ್ದರು. ಇರ್ಮಾ ಕೂತಲ್ಲೇ ಕೂತಳು. ಕೆಲಸ ಹೋಗುವ ಭಯ ಬಂದವರು ಮೊದಲು ಏನು ಕೇಳುತ್ತಾರೆ ಅನ್ನುವುದು ಅವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ನಮ್ಮ ಕಡೆ ಗಂಡಸರು ನೇರವಾಗಿ "ಭತ್ಯೆ ಸಿಗುತ್ತಾ" ಅಂತ ಕೇಳುವ ಪೈಕಿಯವರಲ್ಲ. ಮೊದಲು ಹಿಮದ ಗಾಡಿಗೆ ಎಷ್ಟು ಬೆಲೆ ಬರುತ್ತೆ ಅಂತ ವಿಚಾರಿಸುತ್ತಾರೆ. ಆಮೇಲೆ ದೋಣಿ. ಆಮೇಲೆ ಪಿಂಚಣಿ ಹಣ ಮುಂಚೆ ತೆಗೆಯಬಹುದೇ ಅಂತ. ಭತ್ಯೆಯ ಮಾತು ಬರುವಷ್ಟರಲ್ಲಿ ಹೆಂಡತಿಗೆ ವಿಷಯ ಗೊತ್ತಾಗಿರುತ್ತದೆ. ಹೀಗೆ ಇಪ್ಪತ್ತಮೂರು ಮಾತುಗಳ ಪಟ್ಟಿ ಮಾಡಿ, ಯಾವುದಕ್ಕೆ ಎಷ್ಟು ತೂಕ ಅಂತ ಎರಡು ವರ್ಷ ಕೂತು ತಿದ್ದಿ, ಪ್ರತಿ ಬುಧವಾರ ಒಂದು ಹಾಳೆ ಬರೆಯತೊಡಗಿದಳು: ಮುಂದಿನ ವಾರ ನಮ್ಮ ಪ್ರಾಂತ್ಯದಲ್ಲಿ ಇಷ್ಟು ಹೊಸ ಅರ್ಜಿ. ಫೋನ್ ಎತ್ತಲು ಎಷ್ಟು ಹಂಗಾಮಿ ಗುಮಾಸ್ತರು ಬೇಕು ಅನ್ನುವುದನ್ನು ಕಚೇರಿ ಆ ಹಾಳೆ ನೋಡಿ ತೀರ್ಮಾನಿಸುತ್ತಿತ್ತು.

ತಪ್ಪಲಿಲ್ಲ ಅಂತಲ್ಲ. ಒಂದು ವಸಂತದಲ್ಲಿ ಹಾಳೆ ಮುನ್ನೂರು ಅಂದಿತು, ಬಂದದ್ದು ತೊಂಬತ್ತು. ವಿಚಾರಿಸಿದರೆ, ಎಂಟನೇ ತರಗತಿಯ ಮೇಷ್ಟ್ರು ನಿರುದ್ಯೋಗದ ಬಗ್ಗೆ ಪ್ರಬಂಧ ಬರೆಯಲು ಹೇಳಿದ್ದರು! ಇರ್ಮಾ ಆ ಮೇಷ್ಟ್ರ ಮನೆಗೇ ಹೋಗಿ, "ಮುಂದಿನ ಸಲ ಹಿಮಕರಡಿ ಬಗ್ಗೆ ಬರೆಸಿ" ಅಂದು ಬಂದಳು.

ಅವಳ ಮೂವತ್ತನೇ ವರ್ಷದ ಜೂನ್‌ನಲ್ಲಿ ಊರಿನ ಕಾಗದದ ಕಾರ್ಖಾನೆ ಮುಚ್ಚಿತು. ಇರ್ಮಾಳ ಹಾಳೆ ಒಂಬತ್ತು ದಿನ ಮೊದಲೇ ಅದನ್ನು ಹೇಳಿತ್ತು. ಅರವತ್ತನಾಲ್ಕು ಜನ ಹಂಗಾಮಿಗಳು ಎರಡನೇ ಮಹಡಿಯಲ್ಲಿ ಫೋನಿಗೆ ಕೂತರು. ಯಾರೂ ಸಾಲಿನಲ್ಲಿ ನಿಲ್ಲಲಿಲ್ಲ.

ಆ ಅರವತ್ತನಾಲ್ಕರಲ್ಲಿ ವೆರ್ನಾ ಲಾಜೊಯ್ ಒಬ್ಬಳು. ಇರ್ಮಾಳ ಪಕ್ಕದ ಮನೆಯವಳು, ಒಂದನೇ ತರಗತಿಯಿಂದ ಗೆಳತಿ, ಬಾಯಿಗೆ ಬೀಗವಿಲ್ಲದ ಹೆಂಗಸು. ಕಾಗದದ ಕಾರ್ಖಾನೆಯ ಕ್ಯಾಂಟೀನಿನಲ್ಲಿ ಇಪ್ಪತ್ತು ವರ್ಷ ಮಾಂಸ, ಆಲೂಗಡ್ಡೆ ತುಂಬಿದ ಪಾಸ್ಟಿ ಬೇಯಿಸಿದವಳು. ಕಾರ್ಖಾನೆ ಮುಚ್ಚಿದಾಗ ಇರ್ಮಾನೇ ಒತ್ತಾಯ ಮಾಡಿ ಈ ಹಂಗಾಮಿ ಕೆಲಸಕ್ಕೆ ಅರ್ಜಿ ಹಾಕಿಸಿದ್ದಳು. ಇಪ್ಪತ್ತಾರು ವಾರ ಮುಗಿಸಿದರೆ ಹಂಗಾಮಿಯ ಹೆಸರು ಕಾಯಂ ಪಟ್ಟಿಗೆ ಹೋಗುತ್ತದೆ, ಆರೋಗ್ಯ ವಿಮೆ ಸಿಗುತ್ತದೆ. ವೆರ್ನಾಳ ಬಲ ಮೊಣಕಾಲು ಮೂಳೆಗೆ ಮೂಳೆ ಉಜ್ಜುವ ಸ್ಥಿತಿಗೆ ಬಂದಿತ್ತು. ವಿಮೆ ಬಂದ ಮರುದಿನವೇ ಶಸ್ತ್ರಚಿಕಿತ್ಸೆಗೆ ಮಲಗುತ್ತೇನೆ ಅಂತ ಊರಿಗೆಲ್ಲ ಹೇಳಿಕೊಂಡಿದ್ದಳು.

ಅಕ್ಟೋಬರ್ ಚೆನ್ನಾಗಿತ್ತು. ಹಡಗುಗಳು ತುಂಬಿಕೊಂಡು ಹೋಗುತ್ತಿದ್ದವು, ಗಣಿಯಲ್ಲಿ ಮೂರು ಪಾಳಿ ನಡೆಯುತ್ತಿತ್ತು. ಹಾಳೆ ಮೂರು ಬುಧವಾರ ಸಾಲಾಗಿ ನೂರನಲವತ್ತರ ಆಸುಪಾಸು ಹೇಳಿತು. ಕಚೇರಿಯ ಮುಖ್ಯಸ್ಥ ಡ್ವೇನ್ ಟ್ರೆಡಿನಿಕ್ ಇರ್ಮಾಳನ್ನು ಒಳಗೆ ಕರೆದ. ನಲವತ್ತರ ಗಂಡಸು. ಅವನ ತಾಯಿಯ ಜೊತೆ ಓದಿದವಳಾದ್ದರಿಂದ ಇರ್ಮಾ ಅವನ ಕುರ್ಚಿಗೆ ಎಂದೂ ಹೆದರಿದವಳಲ್ಲ.

"ನವೆಂಬರ್ ಕೊನೆಯ ಹಬ್ಬಕ್ಕೆ ಮುಂಚಿನ ಶುಕ್ರವಾರ ಹಂಗಾಮಿಗಳನ್ನ ನಿಲ್ಲಿಸ್ಬೇಕು ಅಂತಿದೀನಿ," ಅಂದ ಡ್ವೇನ್. "ಆ ವಾರದ ಬುಧವಾರದ ಹಾಳೆ ನೋಡಿ ಫೈನಲ್ ಮಾಡ್ತೀನಿ. ಯಾರಿಗೂ ಹೇಳ್ಬೇಡಿ ಇರ್ಮಾ."

"ನಾನ್ ಯಾರಿಗ್ ಹೇಳ್ಲಿ? ಹಾಳೆ ಕಾಫಿ ಪಾತ್ರೆ ಪಕ್ಕದಲ್ಲೇ ಅಂಟಿಸಿರುತ್ತೆ. ಅವರಿಗೇನು ಓದಕ್ಕೆ ಬರಲ್ವಾ?"

ವೆರ್ನಾಳ ಇಪ್ಪತ್ತಾರಕ್ಕೆ ನಾಲ್ಕು ವಾರ ಕಡಿಮೆ ಬೀಳುತ್ತದೆ ಅಂತ ಇರ್ಮಾಗೆ ಅಲ್ಲೇ ಗೊತ್ತಾಯಿತು. ಹೊರಗೆ ಬಂದವಳು ಮತ್ತೆ ತನ್ನ ಪರದೆಯ ಮುಂದೆ ಕೂತಳು.

ನವೆಂಬರ್ ಹದಿಮೂರು, ಗುರುವಾರ. ಪರದೆಯ ಮೇಲೆ ನಮ್ಮೂರಿನ ಗೆರೆ ಇದ್ದಕ್ಕಿದ್ದಂತೆ ನೆಟ್ಟಗೆ ಮೇಲಕ್ಕೆ ಹೋಗಿತ್ತು. ಭತ್ಯೆಯ ಹುಡುಕಾಟಕ್ಕೆ ನೂರಕ್ಕೆ ನೂರು. ಅವಳ ಸೂತ್ರ ಮುಂದಿನ ಹಾಳೆಗೆ ಮುನ್ನೂರ ಹತ್ತು ಅಂದಿತು. ಇಷ್ಟು ಸಣ್ಣ ಊರಿನಲ್ಲಿ ಕೆಲವೇ ಜನ ಸೇರಿ ಕೇಳಿದರೂ ಗೆರೆ ಹಾರುತ್ತದೆ ನಿಜ, ಆದರೆ ಆ ಕೆಲವು ಜನ ಯಾರು?

ಇರ್ಮಾ ಫೋನಿಗೆ ಕೂತಳು. ಗಣಿಯ ಕಾರ್ಮಿಕ ಸಂಘದವರು "ಹುಚ್ಚಾ ನಿಂಗೆ, ಇಲ್ಲಿ ಜನ ಸಾಲ್ತಿಲ್ಲ" ಅಂದರು. ಹಡಗು ಕಂಪನಿಯವರು ಜನವರಿ ಮಧ್ಯದ ತನಕ ಯಾರನ್ನೂ ತೆಗೆಯಲ್ಲ ಅಂದರು. ಮರ ಕೊಯ್ಯುವ ಮಿಲ್ಲಿನಲ್ಲಿ ಯಾರೂ ಫೋನೇ ಎತ್ತಲಿಲ್ಲ, ಜಿಂಕೆ ಬೇಟೆಗೆ ಕ್ಯಾಂಪು ಸಿದ್ಧ ಮಾಡಲು ಹೋಗಿದ್ದರು. ಇನ್ನೊಂದು ವಿಚಿತ್ರವೂ ಇತ್ತು. ಭತ್ಯೆ ಒಂದೇ ಏರಿತ್ತು. ಹಿಮದ ಗಾಡಿ ಏರಿರಲಿಲ್ಲ, ದೋಣಿ ಏರಿರಲಿಲ್ಲ.

ಶುಕ್ರವಾರ ಬೆಳಿಗ್ಗೆ ಅವಳು ಹುಡುಕಾಟದ ಒಳಗಿನ ಮಾತುಗಳನ್ನು ಬಿಡಿಸಿ ನೋಡಿದಳು. ಜನ ಸಾಮಾನ್ಯವಾಗಿ "ಕೆಲಸ ಹೋಯ್ತು ದುಡ್ಡು ಹೇಗೆ" ಅಂತ ಕೇಳುತ್ತಾರೆ. ಈ ಸಲ ಕೇಳಿದವರು "ನಮೂನೆ ಹದಿನಾಲ್ಕು ಎಪ್ಪತ್ತೊಂದು" ಅಂತ ಕೇಳಿದ್ದರು. ಭತ್ಯೆ ಅರ್ಜಿಯ ಆ ನಂಬರು ಕಚೇರಿಯ ಗುಮಾಸ್ತರ ಬಾಯಲ್ಲಿ ಬಿಟ್ಟು ಬೇರೆಲ್ಲೂ ಇರಲಿಲ್ಲ. ಕೆಳಗೆ ಇನ್ನೊಂದು ಸಾಲಿತ್ತು: ಇಪ್ಪತ್ತೆರಡು ವಾರದ ಹಂಗಾಮಿ ಕೆಲಸಕ್ಕೆ ಭತ್ಯೆ ಇದೆಯೇ.

ಗಂಟೆವಾರು ಗೆರೆ ತೆಗೆದಳು. ದಿನವೂ ಎರಡು ಗುಡ್ಡ. ಒಂದು ಹತ್ತೂಕಾಲಿಗೆ, ಒಂದು ಮೂರು ಗಂಟೆಗೆ. ಗೋಡೆಯ ಗಡಿಯಾರ ನೋಡಿದಳು. ಹತ್ತು ಹದಿನಾರು. ಎದ್ದು ಬಾಗಿಲು ತೆಗೆದಳು. ಎರಡನೇ ಮಹಡಿಯವರು ಕಾಫಿ ಬಿಡುವಿಗೆ ಇಳಿದು ಮೆಟ್ಟಿಲಿನ ಮೇಲೆ ಉದ್ದಕ್ಕೂ ಕೂತಿದ್ದರು. ಒಬ್ಬರೂ ಮಾತಾಡುತ್ತಿರಲಿಲ್ಲ. ಎಲ್ಲರ ತಲೆಯೂ ಫೋನಿನ ಮೇಲೆ ಬಗ್ಗಿತ್ತು.

ತನ್ನ ಹಾಳೆ ಓದಿಯೇ ಅವರಿಗೆ ಕೆಲಸ ಹೋಗುತ್ತದೆ ಅಂತ ಗೊತ್ತಾಗಿತ್ತು. ದಿನವಿಡೀ ಊರವರಿಗೆ ಭತ್ಯೆಯ ನಿಯಮ ಹೇಳುವವರು, ತಮ್ಮ ವಿಷಯ ಬಂದಾಗ ಮೇಲಿನವರನ್ನು ಕೇಳಲು ನಾಚಿ ಫೋನನ್ನು ಕೇಳುತ್ತಿದ್ದರು. ಅದೇ ಈಗ ಅವಳ ಸೂತ್ರದೊಳಗೆ ಹೊಕ್ಕು, ಅರ್ಜಿಗಳ ಮಹಾಪೂರ ಬರುತ್ತಿದೆ, ಹಂಗಾಮಿಗಳನ್ನು ಬಿಡಬೇಡಿ ಅನ್ನುತ್ತಿತ್ತು. ಇರ್ಮಾಗೆ ನಗು ಬಂತು. ಆಮೇಲೆ ನಗು ನಿಂತಿತು. ಸೂತ್ರ ಹೇಳಿದ ಮುನ್ನೂರ ಹತ್ತನ್ನು ಹಾಗೇ ಬರೆದು ಅಂಟಿಸಿದರೆ ಯಾರೂ ಕೇಳುವುದಿಲ್ಲ. ಹಂಗಾಮಿಗಳು ಜನವರಿಯ ತನಕ ಉಳಿಯುತ್ತಾರೆ. ವೆರ್ನಾಗೆ ಮೊಣಕಾಲು ಸಿಗುತ್ತದೆ.

ಆದರೆ ಹಂಗಾಮಿಗಳ ಸಂಬಳಕ್ಕೆಂದು ರಾಜಧಾನಿಯಿಂದ ಬರುವ ಚಳಿಗಾಲದ ನಿಧಿ ಒಂಬತ್ತು ವಾರಕ್ಕೆ ಮಾತ್ರ ಸಾಲುತ್ತಿತ್ತು, ಜನವರಿಯಿಂದಾಚೆಗೆ ಆ ಒಂಬತ್ತೂ ಬೇಕಾಗುತ್ತಿತ್ತು. ಈಗಲೇ ಸುಟ್ಟರೆ, ಜನವರಿ ಮಧ್ಯದಲ್ಲಿ ಸರೋವರ ಹೆಪ್ಪುಗಟ್ಟಿ ಹಡಗು ನಿಂತು ನಿಜವಾದ ಅರ್ಜಿಗಳು ಬರುವಾಗ ಫೋನ್ ಎತ್ತಲು ಯಾರೂ ಇರುವುದಿಲ್ಲ.

ಮರುದಿನ ಶನಿವಾರ, ಬೇಟೆಯ ಮೊದಲ ದಿನ. ಊರಿನ ಗಂಡಸರೆಲ್ಲ ಕಾಡು ಸೇರಿದ್ದರು. ಇರ್ಮಾ ಎಂದಿನಂತೆ ಮಧ್ಯಾಹ್ನವೇ ಹಿತ್ತಿಲಿನ ಹಬೆಮನೆಗೆ, ಅಂದರೆ ಸೌನಾಗೆ, ಸೌದೆ ಹಾಕಿದಳು. ನಾಲ್ಕು ಗಂಟೆಗೆ ವೆರ್ನಾ ಟವೆಲ್ ಹೆಗಲಿಗೆ ಹಾಕಿಕೊಂಡು, ಏಲಕ್ಕಿ ಹಾಕಿದ ನಿಸು ಬ್ರೆಡ್ಡು ಹಿಡಿದು ಕುಂಟುತ್ತ ಬಂದಳು. ಇಬ್ಬರೂ ಮೇಲಿನ ಹಲಗೆಯ ಮೇಲೆ ಕೂತರು. ಸೌನಾದೊಳಗೆ ಜಗಳವಾಡಬಾರದು, ಸುಳ್ಳು ಹೇಳಬಾರದು ಅಂತ ಇರ್ಮಾಳ ಅಜ್ಜಿ ಕಲಿಸಿದ್ದಳು. ಚರ್ಚಿನಲ್ಲಿ ಹೇಳಿದರೂ ಪರವಾಗಿಲ್ಲ, ಇಲ್ಲಿ ಕೂಡದು.

"ಮೆಟ್ಟಿಲ ಮೇಲೆ ಕೂತು ಅದೇನ್ ಹುಡುಕ್ತೀರೇ ಎಲ್ರೂ?" ಅಂತ ಇರ್ಮಾ ಕೇಳಿದಳು.

ವೆರ್ನಾ ಬೆವರು ಒರೆಸಿಕೊಂಡಳು. "ನಿಂಗೂ ಗೊತ್ತಾಯ್ತಾ? ಮತ್ತೇನ್ ಮಾಡ್ಲಿ? ನಿನ್ ಹಾಳೆ ಅಕ್ಟೋಬರ್‌ನಿಂದ ಹೊರಗ್ ಹೋಗಿ ಅಂತಿದೆ. ಭತ್ಯೆ ಸಿಗುತ್ತೋ ಇಲ್ವೋ ನೋಡ್ತಿದೀವಿ. ದಿನಕ್ಕೆ ಆರ್ ಸಲ ಕೇಳ್ತೀನಿ ಕಣೇ. ಆ ಫೋನಿಗೂ ನಾನು ಸಾಕಾಗಿದೀನಿ."

ಇರ್ಮಾ ಬಿಸಿ ಕಲ್ಲಿನ ಮೇಲೆ ಒಂದು ಸೌಟು ನೀರು ಹೊಯ್ದಳು. ಹಬೆ ಏಳುತ್ತಿರುವಾಗ ಎಲ್ಲವನ್ನೂ ಹೇಳಿಬಿಟ್ಟಳು.

ವೆರ್ನಾ ಮೊದಲು ಹೊಟ್ಟೆ ಹಿಡಿದುಕೊಂಡು ನಕ್ಕಳು. "ಅಯ್ಯೋ ದೇವ್ರೇ! ಅಂದ್ರೆ ನಮ್ಮನ್ನ ನಾವೇ ಹಿಡಿದಿಟ್ಕೊಂಡಿದೀವಾ? ಇನ್ನೊಂದ್ ಸ್ವಲ್ಪ ಜೋರಾಗ್ ಹುಡುಕಿದ್ರೆ ಪಿಂಚಣಿ ತನಕ ಇರ್ಬಹುದು!"

"ಅದಕ್ಕೇ ನಿಂಗ್ ಹೇಳ್ಬಾರ್ದಿತ್ತು."

ವೆರ್ನಾಳ ನಗು ಮೆಲ್ಲಗೆ ಇಳಿಯಿತು. ಇರ್ಮಾಳ ಮುಖ ನೋಡಿದಳು. "ಆ ನಂಬರ್ ಹಾಕಲ್ಲ ನೀನು. ಅಲ್ವಾ?"

"ಅದು ಸುಳ್ಳು ನಂಬರ್, ವೆರ್ನಾ."

"ನಾಲ್ಕೇ ವಾರ, ಇರ್ಮಾ. ನಾಲ್ಕ್ ವಾರಕ್ಕೆ ನಿನ್ ಸರೋವರ ಉಕ್ಕಿ ಬರಲ್ಲ."

"ಜನವರೀಲಿ ಹಡಗು ನಿಲ್ಲುತ್ತೆ. ಅವಾಗ ನಿಧಿ ಸಾಲಲ್ಲ. ಅವಾಗ ಬರೋ ಜನ..."

"ಜನವರೀಲಿ ಬರೋರ ಮುಖ ನಿಂಗ್ ಈಗ್ಲೇ ಕಾಣುತ್ತೆ," ಅಂದಳು ವೆರ್ನಾ. ಧ್ವನಿ ಎತ್ತಲಿಲ್ಲ. "ಪಕ್ಕದಲ್ ಕೂತಿರೋಳ ಮುಖ ಕಾಣಲ್ಲ."

ಎರಡನೇ ಸಲ ನೀರು ಹೊಯ್ಯುವ ಮೊದಲೇ ಎದ್ದಳು. ಕಾಫಿಗೂ ನಿಲ್ಲಲಿಲ್ಲ. ನಿಸು ಬ್ರೆಡ್ಡು ಬಟ್ಟೆ ಸುತ್ತಿದ ಹಾಗೇ ಬೆಂಚಿನ ಮೇಲೆ ಉಳಿಯಿತು.

ಭಾನುವಾರವೆಲ್ಲ ಇರ್ಮಾ ತನ್ನನ್ನು ತಾನು ಬೈದುಕೊಂಡಳು. ವೆರ್ನಾಳ ಬಾಯಿ ಊರಿಗೇ ಗೊತ್ತು. ಸೋಮವಾರ ಅರವತ್ತನಾಲ್ಕು ಜನವೂ ಬೇಕೆಂತಲೇ ಹುಡುಕಲು ಶುರು ಮಾಡಿದರೆ ಗತಿ ಏನು? ಸೋಮವಾರ ಹನ್ನೊಂದಕ್ಕೆ ಗೆರೆ ತೆಗೆದಳು. ಹತ್ತೂಕಾಲಿನ ಗುಡ್ಡ ಅಷ್ಟೇ ಇತ್ತು. ಶುಕ್ರವಾರಕ್ಕಿಂತ ಒಂದು ಕೂದಲಿನಷ್ಟೂ ಎತ್ತರವಿಲ್ಲ. ಮಂಗಳವಾರವೂ ಅಷ್ಟೇ. ವೆರ್ನಾ ಯಾರಿಗೂ ಹೇಳಿರಲಿಲ್ಲ. ಬೀಗವಿಲ್ಲದ ಆ ಬಾಯಿ ತನಗೋಸ್ಕರ ಮುಚ್ಚಿಕೊಂಡಿದೆ ಅಂತ ಅರ್ಥವಾದಾಗ ಇರ್ಮಾಗೆ ತಡೆಯಲಾಗಲಿಲ್ಲ. ಶೌಚಾಲಯಕ್ಕೆ ಹೋಗಿ ನಲ್ಲಿ ತಿರುಗಿಸಿ ಅತ್ತಳು. ಗಂಡ ಸತ್ತಾಗಲೂ ಕಚೇರಿಯಲ್ಲಿ ಅತ್ತವಳಲ್ಲ.

ಬುಧವಾರ ಹಾಳೆ ಬರೆದಳು. ಸಾಮಾನ್ಯ ಅರ್ಜಿ ನೂರನಲವತ್ತು. ಅದರ ಕೆಳಗೆ: ಹೆಚ್ಚುವರಿ ಅರವತ್ತನಾಲ್ಕು. ಕಾರಣ, ಈ ಕಚೇರಿ ತನ್ನ ಹಂಗಾಮಿ ಗುಮಾಸ್ತರನ್ನು ಬಿಡುತ್ತಿರುವುದು. ಒಟ್ಟು ಇನ್ನೂರ ನಾಲ್ಕು.

ಡ್ವೇನ್ ಓದಿ ಕನ್ನಡಕ ತೆಗೆದ. "ಇದು ರಾಜಧಾನಿಗೆ ಹೋಗುತ್ತೆ ಇರ್ಮಾ. ಭತ್ಯೆ ಕಚೇರಿನೇ ಜನರನ್ನ ಭತ್ಯೆಗೆ ತಳ್ತು ಅಂತ ನಗ್ತಾರೆ. ಕಾರಣದ ಸಾಲು ತೆಗೀರಿ."

"ಗಣಿಯವರು ತೆಗೆದ್ರೆ ಗಣಿ ಹೆಸರು ಬರೀತೀನಿ. ಮಿಲ್ಲಿನವರು ತೆಗೆದ್ರೆ ಮಿಲ್ಲಿನ ಹೆಸರು. ನಮ್ ಹೆಸರಿಗೇನು ಬೆಳ್ಳಿ ಮೆತ್ತಿದೆಯಾ?"

"ನಿಮ್ ಸೂತ್ರ ಮುನ್ನೂರ ಹತ್ತು ಅಂದಿತ್ತು ಅಂತ ನೀವೇ ಹೇಳಿದ್ರಿ. ಅದನ್ನೇ ಹಾಕಿದ್ರೆ ನಾನೂ ಅವರನ್ನ ಇಟ್ಕೋತಿದ್ದೆ. ಯಾರೂ ಕೇಳ್ತಿರ್ಲಿಲ್ಲ."

"ಗೊತ್ತು," ಅಂದಳು ಇರ್ಮಾ. "ಅದೇ ತೊಂದರೆ. ನಾಲ್ಕ್ ವಾರ ಮಾತ್ರ ಬೇರೆ ಕಡೆಯಿಂದ ಹೊಂದಿಸ್ಕೊಡಕ್ಕೆ ಆಗುತ್ತಾ ಡ್ವೇನ್? ಒಂದ್ ಸಲ ಕೇಳಿ ನೋಡು."

ಡ್ವೇನ್ ಅವಳೆದುರೇ ರಾಜಧಾನಿಗೆ ಫೋನ್ ಮಾಡಿದ. ಹತ್ತು ನಿಮಿಷ ಹೂಂಗುಟ್ಟಿ ಇಟ್ಟ. ಆಗಲ್ಲ ಅಂತ ಅವನ ಮುಖವೇ ಹೇಳಿತು. ಇರ್ಮಾ ಹಾಳೆ ತೆಗೆದುಕೊಂಡು ಹೋಗಿ ಕಾಫಿ ಪಾತ್ರೆಯ ಪಕ್ಕ ಅಂಟಿಸಿದಳು. ಯಾರೂ ಅವಳನ್ನು ಬೈಯಲಿಲ್ಲ. ಅವಳು ಬರುವುದನ್ನು ಕಂಡು ದಾರಿ ಬಿಟ್ಟರು, ಅದು ಬೈಗುಳಕ್ಕಿಂತ ಕೆಟ್ಟದಾಗಿತ್ತು.

ಶುಕ್ರವಾರ ಎರಡನೇ ಮಹಡಿ ಖಾಲಿಯಾಯಿತು. ಹಬ್ಬ ಬಂತು, ಹೋಯಿತು. ಇರ್ಮಾ ಹಬ್ಬದ ದಿನ ಕೋಳಿಯ ಒಂದು ಕಾಲು ಬೇಯಿಸಿಕೊಂಡು ಕಿಟಕಿಯ ಹತ್ತಿರ ಕೂತು ತಿಂದಳು. ಪಕ್ಕದ ಮನೆಯ ದೀಪ ಕಾಣುತ್ತಿತ್ತು. ಎರಡು ಶನಿವಾರ ಸೌನಾ ಕಾಯಿಸಿದಳು, ಎರಡೂ ಶನಿವಾರ ಒಬ್ಬಳೇ ಕೂತು ಬೆವರಿದಳು.

ಡಿಸೆಂಬರ್ ನಾಲ್ಕರ ಗುರುವಾರ ಸರ್ಕಾರದ ಲೆಕ್ಕ ಬಂತು. ಒಟ್ಟು ಇನ್ನೂರು. ಡ್ವೇನ್ ಅವಳ ಮೇಜಿಗೇ ಬಂದು ಬೆನ್ನು ತಟ್ಟಿದ. ಇಷ್ಟು ಹತ್ತಿರ ಅವಳ ಹಾಳೆ ಎಂದೂ ಬಂದಿರಲಿಲ್ಲ. ಇರ್ಮಾ ಒಟ್ಟು ನೋಡಲಿಲ್ಲ. ಯಾವ ಯಾವ ಮಾಲೀಕರಿಂದ ಎಷ್ಟು ಅನ್ನುವ ಪಟ್ಟಿಗೆ ಇಳಿದು ತಮ್ಮ ಕಚೇರಿಯ ಸಾಲಿಗೆ ಬಂದಳು. ಅರವತ್ತಮೂರು.

ಆ ಒಬ್ಬರು ಯಾರು ಅಂತ ಯಾವ ಸೂತ್ರವೂ ಹೇಳಬೇಕಾಗಿರಲಿಲ್ಲ. ಇರ್ಮಾ ಕೋಟು ಹಾಕಿಕೊಂಡಳು, ಬೀರುವಿನಿಂದ ಹದಿನಾಲ್ಕು ಎಪ್ಪತ್ತೊಂದರ ಒಂದು ಪ್ರತಿ ತೆಗೆದುಕೊಂಡಳು. ಮಧ್ಯಾಹ್ನ ಎರಡು ಗಂಟೆಗೆ, ಮೂವತ್ತು ವರ್ಷದಲ್ಲಿ ಮೊದಲ ಸಲ, ಹೇಳದೆ ಕೇಳದೆ ಕಚೇರಿ ಬಿಟ್ಟಳು.

ವೆರ್ನಾ ಬಾಗಿಲು ತೆಗೆದು, ಒಳಗೆ ಹೋಗಿ ಅಡುಗೆಮನೆಯ ಮೇಜಿಗೆ ಕೂತಳು. ಕಾಲನ್ನು ಎದುರಿನ ಕುರ್ಚಿಯ ಮೇಲೆ ಚಾಚಿಕೊಂಡಿದ್ದಳು. ಇರ್ಮಾಗೆ ಕೂರಲು ಬೇರೆ ಕುರ್ಚಿ ಎಳೆದುಕೊಳ್ಳಬೇಕಾಯಿತು.

"ಎರಡ್ ವಾರ ಆಯ್ತು. ಯಾಕೇ ಅರ್ಜಿ ಹಾಕಿಲ್ಲ? ಹೋದ ವಾರದ್ದು ಮತ್ತೆ ಸಿಗಲ್ಲ, ಗೊತ್ತಲ್ಲ ನಿಂಗೆ?"

"ಗೊತ್ತು. ಐದ್ ತಿಂಗಳು ಊರಿಗೆಲ್ಲಾ ನಾನೇ ಹೇಳಿದೀನಿ."

"ಮತ್ತೆ?"

ವೆರ್ನಾ ಕಿಟಕಿಯ ಕಡೆ ನೋಡಿದಳು. "ಅರವತ್ತನಾಲ್ಕು ಅಂತ ಬರ್ದಿದ್ದೆ ನೀನು. ಗೋಡೆ ಮೇಲೆ ಓದಿದೆ. ಅದ್ರಲ್ ನಾನೂ ಒಂದು. ಹೋಗ್ಲಿ, ಇವಳ ಲೆಕ್ಕ ನಾನೊಬ್ಳಾದ್ರೂ ತಪ್ಪಿಸ್ತೀನಿ ಅನ್ಕೊಂಡೆ."

ಇರ್ಮಾ ಕೋಟಿನ ಜೇಬಿನಿಂದ ನಮೂನೆ ತೆಗೆದಳು. "ತಪ್ಪಿಸ್ದೆ. ಖುಷಿ ಆಯ್ತಾ?"

"ಮೊದಲನೇ ದಿನ ಆಯ್ತು."

ಇರ್ಮಾ ನಮೂನೆ ಬಿಡಿಸಿ ಮೇಜಿನ ಮೇಲಿಟ್ಟಳು. ಪೆನ್ನು ತೆಗೆದಳು. ಕೌಂಟರಿನ ಗಾಜಿನ ಹಿಂದೆ ಕೂತು ಸಾವಿರಾರು ಜನರನ್ನು ಕೇಳಿದ ಹಾಗೆ, ಅದೇ ಧ್ವನಿಯಲ್ಲಿ ಕೇಳಬೇಕೆಂದುಕೊಂಡಳು.

"ಪೂರ್ತಿ ಹೆಸರು?"

"ಐವತ್ತೈದ್ ವರ್ಷದಿಂದ ಏನಂತ ಕರೀತಿದೀಯೋ ಅದೇ."

ಇರ್ಮಾ ಬರೆದಳು. ವಿಳಾಸ ಬರೆದಳು, ಕೆಲಸಕ್ಕೆ ಸೇರಿದ ದಿನ ಬರೆದಳು, ಬಿಟ್ಟ ದಿನ ಬರೆದಳು. ಮುಂದಿನ ಸಾಲಿಗೆ ಬಂದು ನಿಂತಳು.

"ಕೆಲಸ ಹೋಗಕ್ಕೆ ಕಾರಣ?"

"ಇರ್ಮಾ ಹೌಟಾಲಾ ಅಂತ ಬರಿ."

ಪೆನ್ನು ಕಾಗದದ ಮೇಲೇ ನಿಂತಿತ್ತು. ಇರ್ಮಾ ತಲೆ ಎತ್ತಲಿಲ್ಲ. "ಹಾಗ್ ಬರೆದ್ರೆ ಅರ್ಜಿ ವಾಪಸ್ ಬರುತ್ತೆ ವೆರ್ನಾ. ಇನ್ನೊಂದ್ ವಾರ ಹೋಗುತ್ತೆ."

ವೆರ್ನಾ ಕೈ ಚಾಚಿ ಪೆನ್ನನ್ನು ಇಸಿದುಕೊಂಡಳು. ಕಾರಣದ ಸಾಲಿನಲ್ಲಿ ತಾನೇ "ಕೆಲಸ ಮುಗಿಯಿತು" ಅಂತ ಬರೆದಳು, ಕೆಳಗೆ ಸಹಿ ಹಾಕಿದಳು, ಹಾಳೆಯನ್ನು ಇರ್ಮಾಳ ಕಡೆ ತಳ್ಳಿದಳು.

"ತಗೋ. ಮುಂದಿನ ವಾರದ ಲೆಕ್ಕಕ್ಕೆ ಒಂದು ಸೇರಿಸ್ಕೋ."